ಬಜರ್ ಬಿಲ್ಲೆಯಿಂದ ಮಳೆಹನಿ ಮಾಪಕ: ಚಾರ್ಜ್ ಸೋರುವ ಮುನ್ನ ಹಿಡಿಯುವ ಕೆಲಸ

ಕಿಚನ್ ಟೈಮರಿನಲ್ಲಿ, ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ ಕೀಂಯ್ ಎನ್ನುವ ಹಿತ್ತಾಳೆ ಬಿಲ್ಲೆ ಇರುತ್ತದಲ್ಲ, ಅದನ್ನು ಸ್ಟೀಲ್ ಮುಚ್ಚಳದ ಅಡಿಗೆ ಅಂಟಿಸಿ ಮಳೆಯ ಒಂದೊಂದು ಹನಿಯನ್ನೂ ಅಳೆಯುವ ಪೆಟ್ಟಿಗೆ ಮಾಡಿದ್ದೇನೆ. ಮಲೆನಾಡಿನ ತೋಟದ ಮನೆಯ ಮಾಡಿನ ಮೇಲೆ ಕೂತು ಕೆಲಸ ಮಾಡುತ್ತಿದೆ. ಮಳೆ ಎಷ್ಟು ಬಿತ್ತು ಎಂದು ತಿಳಿಯಲು ಅಂಗಳದಲ್ಲಿ ಒಂದು ಮಾಪಕದ ಡಬ್ಬಿ ಸಾಕು. ಹೇಗೆ ಬಿತ್ತು ಎಂಬುದು ಬೇರೆಯೇ ಪ್ರಶ್ನೆ. ಸೋನೆ ಹಿಡಿದು ದಿನವಿಡೀ ಬಿದ್ದ 40 ಮಿ.ಮೀ. ಮಳೆಗೂ, ಆರಿದ್ರೆಯ ದಪ್ಪ ಹನಿಗಳಲ್ಲಿ ಅರ್ಧ ಗಂಟೆಗೆ ಸುರಿದ 40 ಮಿ.ಮೀ. ಮಳೆಗೂ ಅಡಿಕೆ ಬುಡದ ಮಣ್ಣು ಕೊಡುವ ಉತ್ತರ ಒಂದೇ ಅಲ್ಲ. ಮಣ್ಣನ್ನು ಎಬ್ಬಿಸಿ ಒಯ್ಯುವುದು ದಪ್ಪ ಹನಿ. ಅದನ್ನು ಎಣಿಸಬೇಕಿತ್ತು.

ಕಟ್ಟುವ ಮೊದಲು ಬಿಲ್ಲೆಯೊಳಗೆ ಏನಿದೆ ಎಂದು ನೋಡಿಕೊಳ್ಳಬೇಕು. ಮುಂದಿನ ಪ್ರತಿಯೊಂದು ತೀರ್ಮಾನವೂ ಅಲ್ಲಿಂದಲೇ ಬರುತ್ತದೆ.

ನಾನು ತಂದದ್ದು 27 ಮಿ.ಮೀ. ಅಗಲದ ಬಿಲ್ಲೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಚೀಲಗಟ್ಟಲೆ ಸಿಗುತ್ತದೆ. ಹಿತ್ತಾಳೆಯ ಮೇಲೆ 20 ಮಿ.ಮೀ. ಅಗಲದ, ಹೆಚ್ಚೂಕಡಿಮೆ 0.2 ಮಿ.ಮೀ. ದಪ್ಪದ ಬೂದು ಬಣ್ಣದ ಸೆರಾಮಿಕ್ ಪದರ, ಅದರ ಮೇಲೆ ಬೆಳ್ಳಿಯ ತೆಳು ಲೇಪ. ಆ ಸೆರಾಮಿಕ್ಕೇ ಪಿಜಡ್‌ಟಿ, ಅಂದರೆ ಸೀಸ, ಜಿರ್ಕೋನಿಯಂ, ಟೈಟೇನಿಯಂಗಳ ಆಕ್ಸೈಡ್. 1950ರ ದಶಕದಲ್ಲಿ ಬಳಕೆಗೆ ಬಂದ ಈ ವಸ್ತು ಇಂದಿಗೂ ಅಲ್ಟ್ರಾಸೌಂಡ್ ಯಂತ್ರದಿಂದ ಗ್ಯಾಸ್ ಲೈಟರಿನವರೆಗೆ ಎಲ್ಲ ಕಡೆ ಇದೆ. ಪಿಜಡ್‌ಟಿ ಫೆರೊಎಲೆಕ್ಟ್ರಿಕ್ ವಸ್ತು, ಅಂದರೆ ಧನ-ಋಣ ಚಾರ್ಜುಗಳ ಒಂದು ದಿಕ್ಕನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುವ, ಹೊರಗಿನ ವಿದ್ಯುತ್ ಕ್ಷೇತ್ರದಿಂದ ಆ ದಿಕ್ಕನ್ನು ತಿರುಗಿಸಬಹುದಾದ ವಸ್ತು. ಈ ಗುಣವನ್ನು ಮೊದಲು ಗುರುತಿಸಿದವರು ಜೋಸೆಫ್ ವಲಸೆಕ್. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, 1920ರಲ್ಲಿ, ರೊಷೆಲ್ ಉಪ್ಪಿನ ಹರಳಿನಲ್ಲಿ.

ಇಂಥ ವಸ್ತುವಿನ ಪ್ರತಿ ಕಣಕೋಶದಲ್ಲೂ ಧನ ಮತ್ತು ಋಣ ಚಾರ್ಜುಗಳ ಕೇಂದ್ರಗಳು ಒಂದರ ಮೇಲೊಂದು ಕೂರದೆ ತುಸು ಸರಿದಿರುತ್ತವೆ. ಕಾರ್ಖಾನೆಯಲ್ಲಿ ಬಿಲ್ಲೆಯನ್ನು ಬಿಸಿಯಾಗಿಟ್ಟು, ಅಡ್ಡಲಾಗಿ ಬಲವಾದ ವಿದ್ಯುತ್ ಕ್ಷೇತ್ರ ಹಾಯಿಸಿ, ಈ ಸರಿತಗಳೆಲ್ಲ ಆದಷ್ಟು ಒಂದೇ ದಿಕ್ಕಿಗೆ ಮುಖ ಮಾಡುವಂತೆ ಮಾಡಿರುತ್ತಾರೆ. ಕ್ಷೇತ್ರ ತೆಗೆದರೂ ಆ ದಿಕ್ಕು ಉಳಿಯುತ್ತದೆ. ಮುಂದೆ ಬಿಲ್ಲೆಯ ಧ್ರುವ ಎನ್ನುವುದು ಇದನ್ನೇ. ಒಳಗಡೆ ಒಂದು ಕೋಶದ ಧನ ತುದಿಯನ್ನು ಪಕ್ಕದ ಕೋಶದ ಋಣ ತುದಿ ಸರಿದೂಗಿಸುತ್ತದೆ. ಸರಿದೂಗಿಸಲು ಪಕ್ಕದವರಿಲ್ಲದಿರುವುದು ಎರಡು ಮೇಲ್ಮೈಗಳಲ್ಲಿ ಮಾತ್ರ. ಆದ್ದರಿಂದ ಒಂದು ಮುಖದಲ್ಲಿ ಧನ, ಇನ್ನೊಂದು ಮುಖದಲ್ಲಿ ಋಣ ಚಾರ್ಜ್ ಉಳಿಯುತ್ತದೆ.

ಎಷ್ಟು? ಪಿಜಡ್‌ಟಿಗೆ ಚದರ ಸೆಂಟಿಮೀಟರಿಗೆ ಸುಮಾರು 30 ಮೈಕ್ರೊಕೂಲಂಬ್ ಎಂದಿಟ್ಟುಕೊಳ್ಳಿ. ನನ್ನ ಬಿಲ್ಲೆಯ ಸೆರಾಮಿಕ್ಕಿನ ವಿಸ್ತೀರ್ಣ 3.14 ಚದರ ಸೆಂ.ಮೀ. ಒಟ್ಟು 90 ಮೈಕ್ರೊಕೂಲಂಬ್ ದಾಟುತ್ತದೆ. ಮಲ್ಟಿಮೀಟರಿನಲ್ಲಿ ಬಿಲ್ಲೆಯ ಕೆಪಾಸಿಟನ್ಸ್ ಅಳೆದರೆ 20 ನ್ಯಾನೊಫ್ಯಾರಡ್ ಆಸುಪಾಸು ಬಂತು. ಆ ಚಾರ್ಜೆಲ್ಲ ಬರಿದಾಗಿ ನಿಂತಿದ್ದರೆ ಎರಡು ಮುಖಗಳ ನಡುವೆ 4,500 ವೋಲ್ಟಿಗೂ ಮಿಕ್ಕಿ ಇರಬೇಕಿತ್ತು. ಮೀಟರ್ ಇಟ್ಟರೆ ಸೊನ್ನೆ. ಏಕೆಂದರೆ ಮೇಲ್ಮೈ ಚಾರ್ಜ್ ಹುಟ್ಟಿದ ಕೂಡಲೇ ಬೆಳ್ಳಿ ಲೇಪದ ಎಲೆಕ್ಟ್ರಾನುಗಳು, ಗಾಳಿಯ ಅಯಾನುಗಳು, ಮೇಲ್ಮೈಯ ತೇವ ಎಲ್ಲ ಸೇರಿ ಅದಕ್ಕೆ ಎದುರು ಚಾರ್ಜನ್ನು ತಂದು ಮುಚ್ಚಿಬಿಡುತ್ತವೆ. ಚಾರ್ಜ್ ಅಲ್ಲೇ ಇದೆ, ಹೊರಗೆ ಕಾಣುವುದಿಲ್ಲ, ಅಷ್ಟೆ.

ಕಾಣುವುದು ಅದು ಬದಲಾದಾಗ. ಒತ್ತಿದರೆ, ಬಗ್ಗಿಸಿದರೆ, ಬಿಸಿ ಮಾಡಿದರೆ ಸರಿತದ ಅಳತೆ ತುಸು ಬದಲಾಗುತ್ತದೆ. ಮುಚ್ಚಿದ್ದ ಎದುರು ಚಾರ್ಜಿನಲ್ಲಿ ಆ ವ್ಯತ್ಯಾಸದಷ್ಟು ಬಿಡುಗಡೆಯಾಗಿ ತಂತಿಯಲ್ಲಿ ಹರಿಯುತ್ತದೆ. ಹಳೆಯದು ಸೋರಿ ಹೊಸ ಸಮತೋಲ ಬರುವ ಮುನ್ನ ಅದನ್ನು ಹಿಡಿಯಬೇಕು. ಈ ಪೆಟ್ಟಿಗೆಯ ಇಡೀ ವಿನ್ಯಾಸ ಇದೊಂದೇ ಮಾತಿನ ಮೇಲೆ ನಿಂತಿದೆ. ಫೆರಾಮ್ ಎಂಬ ಮೆಮೊರಿ ಚಿಪ್ ಕೆಲಸ ಮಾಡುವುದೂ ಹೀಗೆಯೇ: ಕೋಶಕ್ಕೆ ವೋಲ್ಟೇಜ್ ಕೊಟ್ಟು, ಧ್ರುವ ತಿರುಗಿದಾಗ ಹೊರಬೀಳುವ ಚಾರ್ಜಿನಿಂದ 0 ಇತ್ತೋ 1 ಇತ್ತೋ ಎಂದು ಓದುತ್ತದೆ. ಓದಿದಾಗ ಅಳಿಸಿಹೋದದ್ದನ್ನು ಮತ್ತೆ ಬರೆದಿಡುತ್ತದೆ.

ಮೊದಲ ಪರೀಕ್ಷೆ: ಹೆಬ್ಬೆರಳು

ಬಿಲ್ಲೆಗೆ ಎರಡು ತಂತಿ ಬೆಸೆದು ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿನಲ್ಲಿಟ್ಟೆ. ಬೆಸೆಯುವಾಗ ಎಚ್ಚರ: ಬೆಳ್ಳಿ ಲೇಪ ಬಿಸಿ ಬೆಸುಗೆಯಲ್ಲಿ ಕರಗಿ ಸೇರಿಹೋಗುತ್ತದೆ, ಹೆಚ್ಚು ಹೊತ್ತಿನ ಬಿಸಿ ಸೆರಾಮಿಕ್ಕಿನ ಧ್ರುವವನ್ನೂ ಕೆಡಿಸುತ್ತದೆ. ಅಂಚಿನ ಕಡೆ ಸಣ್ಣ ಚುಕ್ಕೆ, ಎರಡು ಸೆಕೆಂಡಿನೊಳಗೆ ಮುಗಿಯಬೇಕು.

ಬಿಲ್ಲೆಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸಿ ಹೆಬ್ಬೆರಳು ಇಟ್ಟೆ. ಒತ್ತಿದ ಕ್ಷಣಕ್ಕೆ ಅಂಕಿ ಒಮ್ಮೆ ಜಿಗಿದು ಬಿತ್ತು, ಅದು ಒತ್ತಡದ್ದು. ಆಮೇಲೆ ಬೆರಳು ಅಲುಗದಿದ್ದರೂ ಅಂಕಿ ನಿಧಾನವಾಗಿ ಏರಿತು, ನೂರಾರು ಮಿಲಿವೋಲ್ಟ್ ಮುಟ್ಟಿತು, ಬೆರಳು ಇನ್ನೂ ಬಿಸಿಯಾಗಿಯೇ ಕೂತಿದ್ದಾಗ ಇಳಿಯುತ್ತ ಸೊನ್ನೆಗೆ ಬಂತು. ಬೆರಳು ತೆಗೆದೆ. ಮೈನಸ್ ಗುರುತು ಬಂದು ಅಂಕಿ ಮತ್ತೆ ಬೆಳೆಯಿತು. ಬಿಲ್ಲೆ ಆರುತ್ತಿದ್ದಷ್ಟು ಹೊತ್ತು ಎದುರು ದಿಕ್ಕಿನಲ್ಲಿ ಕರೆಂಟ್ ಹರಿಯಿತು. ಬಿಸಿಗೆ ಇದು ಉತ್ತರಿಸುವುದಿಲ್ಲ, ಬಿಸಿ ಬದಲಾಗುವ ವೇಗಕ್ಕೆ ಉತ್ತರಿಸುತ್ತದೆ. ಎಷ್ಟು ಸಲ ಓದಿದ್ದರೂ ಆ ಮೈನಸ್ ಗುರುತು ಕಣ್ಣೆದುರು ಮೂಡಿದಾಗ ಆಗುವ ಖುಷಿಯೇ ಬೇರೆ.

ಲೆಕ್ಕವೂ ಕೂಡಿಬರುತ್ತದೆ. ಪಿಜಡ್‌ಟಿಯಲ್ಲಿ ಒಂದು ಡಿಗ್ರಿ ಬಿಸಿಗೆ ಈ ವಿಸ್ತೀರ್ಣದಿಂದ 0.1 ಮೈಕ್ರೊಕೂಲಂಬ್ ಮಟ್ಟದ ಚಾರ್ಜ್ ಬಿಡುಗಡೆಯಾಗುತ್ತದೆ. ಸೆಕೆಂಡಿಗೆ ಅರ್ಧ ಡಿಗ್ರಿ ಏರಿದರೆ 50 ನ್ಯಾನೊಆಂಪಿಯರ್. ಮೀಟರಿನ ಒಳರೋಧ 10 ಮೆಗಾಓಮ್. ಅಲ್ಲಿಗೆ ಅರ್ಧ ವೋಲ್ಟ್. ಇದರಲ್ಲಿ ಒಂದು ಪಾಲು ಹಿತ್ತಾಳೆಯೂ ಸೆರಾಮಿಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಿಲ್ಲೆ ಬಗ್ಗುವುದರಿಂದಲೂ ಬರುತ್ತದೆ. ಶುದ್ಧ ಅಂಕಿ ಬೇಕಾದವರು ಹಿತ್ತಾಳೆಯಿಲ್ಲದ ಬರಿ ಸೆರಾಮಿಕ್ ತುಂಡನ್ನು ಅಳೆಯಬೇಕು. ನನಗೆ ಎರಡೂ ಸೇರಿದ್ದೇ ಸಾಕು, ಏಕೆಂದರೆ ಮಾಡಿನ ಮೇಲೆ ನನ್ನನ್ನು ಕಾಡಲಿರುವುದೂ ಎರಡೂ ಸೇರಿದ್ದೇ.

ಇದೇ ಗುಣ ಮನುಷ್ಯ ಹಾದುಹೋದಾಗ ದೀಪ ಹಚ್ಚುವ ಪಿಐಆರ್ ಸೆನ್ಸರಿನಲ್ಲಿದೆ. ಅದರೊಳಗೆ ಎರಡು ಪುಟ್ಟ ಸೆರಾಮಿಕ್ ಚೂರುಗಳನ್ನು ಒಂದಕ್ಕೊಂದು ಎದುರುಬದುರಾಗಿ ಜೋಡಿಸಿರುತ್ತಾರೆ. ಕೋಣೆಯೇ ಬಿಸಿಯಾದರೆ ಎರಡರ ಚಾರ್ಜೂ ಪರಸ್ಪರ ಕಳೆದುಹೋಗುತ್ತದೆ, ಒಂದರ ಮೇಲೆ ಮಾತ್ರ ಮೈಶಾಖ ಬಿದ್ದಾಗ ಸಿಗ್ನಲ್ ಬರುತ್ತದೆ.

ಎರಡನೆಯ ಪರೀಕ್ಷೆ: ಧ್ರುವ ಅಳಿಸಿದ ಬಿಲ್ಲೆ

ಬಂದ ಸಿಗ್ನಲ್ ನಿಜಕ್ಕೂ ಧ್ರುವೀಕರಣದ್ದೇ, ಅಥವಾ ಪ್ಲಾಸ್ಟಿಕ್ ಉಜ್ಜಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತೇ? ಇದನ್ನು ಬಗೆಹರಿಸಲು ತಂತಿ ಬೆಸೆಯದ ಒಂದು ಬಿಲ್ಲೆಯನ್ನು ಬಯಲಿನಲ್ಲಿ ಹಳೆಯ ಕಬ್ಬಿಣದ ತವಾ ಮೇಲಿಟ್ಟು, ಪಕ್ಕದಲ್ಲಿಟ್ಟ ಬೆಸುಗೆ ತುಣುಕು ಕರಗಿದ ಮೇಲೂ ಬಹಳ ಹೊತ್ತು ಜೋರಾಗಿ ಕಾಸಿದೆ. ಸೀಸ-ತವರದ ಬೆಸುಗೆ ಕರಗುವುದು 183 ಡಿಗ್ರಿಯಲ್ಲಿ. ಪಿಜಡ್‌ಟಿ ತನ್ನ ಧ್ರುವ ಬಿಟ್ಟುಕೊಡುವ ಕ್ಯೂರಿ ತಾಪಮಾನ ಮಿಶ್ರಣವನ್ನು ಅವಲಂಬಿಸಿ 200ರ ಹತ್ತಿರದಿಂದ 350 ಡಿಗ್ರಿವರೆಗೂ ಇರುತ್ತದೆ. ಹಿತ್ತಾಳೆ ಕಂದುಬಣ್ಣಕ್ಕೆ ತಿರುಗಿತು. ಈ ಸೆರಾಮಿಕ್ಕಿನಲ್ಲಿ ಸೀಸವಿದೆ, ಆದ್ದರಿಂದ ಮನೆಯೊಳಗೆ ಕಾಸುವುದು, ಉಜ್ಜಿ ಪುಡಿ ಮಾಡುವುದು ಬೇಡ. ಆ ತವಾ ಮತ್ತೆ ಅಡುಗೆಮನೆಗೆ ಹೋಗಕೂಡದು.

ಆರಿದ ಮೇಲೆ ತಂತಿ ಬೆಸೆದು ಕುಟ್ಟಿದೆ, ಬೆರಳಿಟ್ಟೆ. ಏನೂ ಇಲ್ಲ. ಆದರೆ ಕೆಪಾಸಿಟನ್ಸ್ ಮುಂಚಿನಂತೆಯೇ 20 ನ್ಯಾನೊಫ್ಯಾರಡ್ ಆಸುಪಾಸಿನಲ್ಲಿತ್ತು. ಸೆರಾಮಿಕ್ ಸೀಳಿಲ್ಲ, ಬೆಳ್ಳಿ ಹೋಗಿಲ್ಲ, ಒಳಗಿನ ದಿಕ್ಕುಗಳು ಮಾತ್ರ ಚೆಲ್ಲಾಪಿಲ್ಲಿಯಾಗಿ ಮೇಲ್ಮೈಯ ಒಟ್ಟು ಚಾರ್ಜ್ ಸೊನ್ನೆಯಾಗಿದೆ. ಹಾಳಾದ ಸೆನ್ಸರನ್ನು ಬರೀ ಕೆಪಾಸಿಟನ್ಸ್ ನೋಡಿ ಸರಿಯಿದೆ ಎಂದು ತೀರ್ಮಾನಿಸಬಾರದು ಎಂಬುದಕ್ಕೆ ಇಷ್ಟು ಸ್ಪಷ್ಟ ಸಾಕ್ಷಿ ಬೇರೆ ಬೇಡ. ಆ ಬಿಲ್ಲೆಯನ್ನು ಎತ್ತಿಟ್ಟುಕೊಂಡಿದ್ದೇನೆ. ಸರ್ಕ್ಯೂಟಿನಲ್ಲಿ ಗುಂಯ್‌ಗುಡುವಿಕೆ ಕಂಡಾಗ ಇದನ್ನು ಜೋಡಿಸಿ ನೋಡಿದರೆ, ತೊಂದರೆ ಬಿಲ್ಲೆಯಿಂದ ಬರುತ್ತಿದೆಯೋ ಹೊರಗಿನ 50 ಹರ್ಟ್ಸ್ ಲೈನಿನಿಂದಲೋ ಎಂದು ಗೊತ್ತಾಗುತ್ತದೆ.

ಸರ್ಕ್ಯೂಟ್

ಬಿಲ್ಲೆಯನ್ನು ನೇರ ಆರ್ಡುಯಿನೊ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡ್) ಪಿನ್ನಿಗೆ ಸಿಕ್ಕಿಸಿ, ಅಡ್ಡಲಾಗಿ 1 ಮೆಗಾಓಮ್ ರೋಧಕ ಹಾಕುವ ಚಿತ್ರಗಳು ಎಲ್ಲೆಡೆ ಸಿಗುತ್ತವೆ. ಬಾಗಿಲು ಬಡಿದ ಸದ್ದು ಗುರುತಿಸಲು ಅದು ನಡೆಯುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಅಳತೆಗೆ ಅದು ಬಾರದು. ಬಿಲ್ಲೆಯ ಅಂಚಿನಲ್ಲಿ, ಬೋರ್ಡಿನ ಫ್ಲಕ್ಸ್ ಕಲೆಯಲ್ಲಿ ತೇವ ಕೂತರೆ ಚಾರ್ಜ್ ಅಲ್ಲಿಂದಲೇ ಸೋರುತ್ತದೆ. ಸೋರಿಕೆ ದಿನಕ್ಕೊಂದು ತೆರ, ಹಾಗಾಗಿ ಅಳತೆಯೂ ದಿನಕ್ಕೊಂದು ತೆರ. ತಂತಿಯ ಉದ್ದ ಬದಲಿಸಿದರೂ ವೋಲ್ಟೇಜ್ ಬದಲಾಗುತ್ತದೆ.

ಚಾರ್ಜ್ ಆಂಪ್ಲಿಫೈಯರ್ ಈ ತೊಡಕನ್ನು ಬುಡದಲ್ಲೇ ಬಿಡಿಸುತ್ತದೆ. ಅದರ ನಡುವೆ ಇರುವುದು ಆಪ್-ಆಂಪ್, ಅಂದರೆ ತನ್ನ ಎರಡು ಒಳಕಾಲುಗಳ ವೋಲ್ಟೇಜ್ ವ್ಯತ್ಯಾಸವನ್ನು ಬಹಳ ಪಟ್ಟು ಹಿಗ್ಗಿಸುವ ಚಿಪ್. ಅದರ ಮೈನಸ್ ಕಾಲಿಗೆ ಬಿಲ್ಲೆ, ಔಟ್‌ಪುಟ್‌ನಿಂದ ಅದೇ ಕಾಲಿಗೆ ಒಂದು ಕೆಪಾಸಿಟರ್ (ಇದೇ ಫೀಡ್‌ಬ್ಯಾಕ್ ಕೆಪಾಸಿಟರ್), ಪ್ಲಸ್ ಕಾಲು 2.5 ವೋಲ್ಟಿನ ನಡುಬಿಂದುವಿಗೆ, ಬಿಲ್ಲೆಯ ಇನ್ನೊಂದು ಮುಖವೂ ಅದೇ ನಡುಬಿಂದುವಿಗೆ. ಆಪ್-ಆಂಪ್ ಎರಡು ಕಾಲುಗಳನ್ನೂ ಸಮ ವೋಲ್ಟೇಜಿನಲ್ಲಿ ಹಿಡಿದಿಡುವುದರಿಂದ ಬಿಲ್ಲೆಯ ಎರಡು ಮುಖಗಳ ನಡುವೆ ವೋಲ್ಟೇಜೇ ಬೆಳೆಯುವುದಿಲ್ಲ. ಬಿಡುಗಡೆಯಾದ ಚಾರ್ಜೆಲ್ಲ ಆ ಕೆಪಾಸಿಟರಿಗೆ ಹೋಗಿ ಕೂರುತ್ತದೆ. ವೋಲ್ಟೇಜಿಲ್ಲದ ಕಡೆ ಸೋರಿಕೆಗೆ ತಳ್ಳುವ ಬಲವೇ ಇಲ್ಲ. ತೇವ ಇದ್ದರೂ, ತಂತಿ ಉದ್ದವಿದ್ದರೂ ಅಳತೆ ಕದಲದು. ಈ ಕೆಲಸದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಇದೇ ಭಾಗ.

ಬಳಸಿದ ಚಿಪ್ ಎಂಸಿಪಿ6002. ಒಳಕಾಲಿನ ಕರೆಂಟ್ ಒಂದು ಪಿಕೊಆಂಪಿಯರ್ ಮಟ್ಟದ್ದು, 5 ವೋಲ್ಟ್ ಸಾಕು. ಎಲ್ಲರ ಡ್ರಾಯರಿನಲ್ಲಿರುವ ಎಲ್ಎಂ358 ಇಲ್ಲಿ ಹೊಂದುವುದಿಲ್ಲ. ಅದರ ಒಳಕಾಲಿನ ಕರೆಂಟ್ ಹತ್ತಾರು ನ್ಯಾನೊಆಂಪಿಯರ್, ಮುಂದೆ ಹೇಳುವ 10 ಮೆಗಾಓಮ್ ರೋಧಕದಲ್ಲಿ ಅದೇ ಔಟ್‌ಪುಟ್ಟನ್ನು ಅರ್ಧ ವೋಲ್ಟಿನಷ್ಟು ಸರಿಸಿಬಿಡುತ್ತದೆ.

ಫೀಡ್‌ಬ್ಯಾಕ್ ಕೆಪಾಸಿಟರ್ 1 ನ್ಯಾನೊಫ್ಯಾರಡ್. ಅಂದರೆ 100 ಪಿಕೊಕೂಲಂಬಿಗೆ 100 ಮಿಲಿವೋಲ್ಟ್. ಇಲ್ಲಿ ಎಕ್ಸ್7ಆರ್ ಎಂದು ಬರೆದ ಸಾಮಾನ್ಯ ಸೆರಾಮಿಕ್ ಹಾಕಬೇಡಿ. ಅದರೊಳಗಿರುವುದು ಬೇರಿಯಂ ಟೈಟನೇಟ್, ಅದೂ ಫೆರೊಎಲೆಕ್ಟ್ರಿಕ್ಕೇ. ವೋಲ್ಟೇಜಿನೊಂದಿಗೆ ಬೆಲೆ ಬದಲಿಸುತ್ತದೆ, ಬೋರ್ಡನ್ನು ತಟ್ಟಿದರೆ ತಾನೂ ಸಿಗ್ನಲ್ ಕೊಡುತ್ತದೆ. ಅಳೆಯುವ ಸಾಧನವೇ ಅಳೆಯಬೇಕಾದ ವಸ್ತುವಿನ ಗುಣ ತೋರಿದರೆ ಯಾವುದನ್ನು ನಂಬುವುದು? ಎನ್‌ಪಿಒ ಗುರುತಿನದು ಅಥವಾ ಪಾಲಿಪ್ರಾಪಿಲೀನ್ ಫಿಲ್ಮಿನದು ಹಾಕಿ.

ಬಿಲ್ಲೆಗೂ ಚಿಪ್ಪಿಗೂ ನಡುವೆ 1 ಕಿಲೋಓಮ್, ಚಿಪ್ಪಿನ ಎರಡು ಒಳಕಾಲುಗಳ ನಡುವೆ ಎದುರುಬದುರಾಗಿ ಎರಡು 1ಎನ್4148 ಡಯೋಡ್. ಇದು ಬೇಡ ಎನಿಸುವವರು ಗ್ಯಾಸ್ ಲೈಟರನ್ನು ನೆನೆಯಲಿ: ಅದರೊಳಗಿನ ಇದೇ ಜಾತಿಯ ಸೆರಾಮಿಕ್ ತುಂಡಿಗೆ ಸ್ಪ್ರಿಂಗಿನ ಸುತ್ತಿಗೆ ಒಂದು ಪೆಟ್ಟು ಕೊಟ್ಟರೆ ಗಾಳಿಯಲ್ಲಿ ಕಿಡಿ ಹಾರುವಷ್ಟು ಸಾವಿರಾರು ವೋಲ್ಟ್. ಮಾಡಿನ ಮೇಲೆ ಒಂದು ತೆಂಗಿನ ಹೆಡೆಮಟ್ಟೆ ಬಿದ್ದರೆ ಚಿಪ್ ಉಳಿಯಬೇಕು. ಗಾಜಿನ ಡಯೋಡಿಗೆ ಬೆಳಕು ಬಿದ್ದರೆ ಸಣ್ಣ ಕರೆಂಟ್ ಹುಟ್ಟುತ್ತದೆ, ಆದ್ದರಿಂದ ಪರೀಕ್ಷೆಯನ್ನು ಮುಚ್ಚಿದ ಪೆಟ್ಟಿಗೆಯಲ್ಲೇ ಮಾಡಿ.

ಮೈನಸ್ ಕಾಲನ್ನು ಬೋರ್ಡಿಗೆ ಮುಟ್ಟಿಸದೆ ಮೇಲಕ್ಕೆ ಬಗ್ಗಿಸಿ ಗಾಳಿಯಲ್ಲೇ ಬೆಸೆದಿದ್ದೇನೆ. ಆಮೇಲೆ ಇಡೀ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ಶಿನಿಂದ ತೊಳೆದು ಒಣಗಿಸಬೇಕು.

ಬಿಸಿಲು ಮತ್ತು ಹನಿ, ಎರಡರಲ್ಲಿ ಒಂದು

ಫೀಡ್‌ಬ್ಯಾಕ್ ಕೆಪಾಸಿಟರಿಗೆ ಅಡ್ಡಲಾಗಿ ಒಂದು ರೋಧಕ ಬೇಕು, ಇಲ್ಲದಿದ್ದರೆ ಕೂತ ಚಾರ್ಜ್ ಇಳಿಯುವುದೇ ಇಲ್ಲ. ಅದರ ಬೆಲೆ ಎಷ್ಟಿರಬೇಕು ಎಂಬುದೇ ಈ ಪೆಟ್ಟಿಗೆಯ ಮುಖ್ಯ ತೀರ್ಮಾನ.

ಮೋಡ ಸರಿದು ಬಿಸಿಲು ಬಿದ್ದರೆ ಸ್ಟೀಲ್ ಮುಚ್ಚಳ ಸೆಕೆಂಡಿಗೆ 0.05 ಡಿಗ್ರಿಯಂತೆ ಕಾದರೂ ಸಾಕು, ಬಿಲ್ಲೆ 5 ನ್ಯಾನೊಆಂಪಿಯರ್ ಹರಿಸುತ್ತದೆ. ರೋಧಕ 1 ಗಿಗಾಓಮ್ ಇದ್ದರೆ 5 ವೋಲ್ಟ್ ಆಗುತ್ತದೆ, ಅಂದರೆ ಔಟ್‌ಪುಟ್ ಒಂದು ಗೋಡೆಗೆ ಹೋಗಿ ಒರಗಿಬಿಡುತ್ತದೆ, ಹನಿ ಬಿದ್ದರೂ ಕಾಣುವುದಿಲ್ಲ. 10 ಮೆಗಾಓಮ್ ಇದ್ದರೆ ಅದೇ ಬಿಸಿಲು 50 ಮಿಲಿವೋಲ್ಟ್ ಸರಿಸುತ್ತದೆ ಅಷ್ಟೆ, ಅದನ್ನು ಪ್ರೋಗ್ರಾಂನಲ್ಲಿ ಕಳೆಯಬಹುದು. ಹನಿಯ ಪೆಟ್ಟು ಮುಗಿಯುವುದು ಒಂದು ಮಿಲಿಸೆಕೆಂಡಿನ ಒಳಗೆ. 10 ಮೆಗಾಓಮ್, 1 ನ್ಯಾನೊಫ್ಯಾರಡ್ ಸೇರಿದರೆ 10 ಮಿಲಿಸೆಕೆಂಡ್. ಹನಿಯ ಚಾರ್ಜನ್ನು ಅಳೆಯಲು ಧಾರಾಳ ಸಮಯ, ಬಿಸಿಲಿನ ಚಾರ್ಜನ್ನು ಹರಿದುಬಿಡಲೂ ತಕ್ಕ ದಾರಿ. ಪಿಐಆರ್‌ನಂತೆ ಎರಡನೇ ಬಿಲ್ಲೆಯನ್ನು ಎದುರುಬದುರು ಜೋಡಿಸಿ ಬಿಸಿಲನ್ನು ಕಳೆಯುವ ಉಪಾಯವೂ ಇದೆ. ಆದರೆ ಒಂದೇ ಮುಚ್ಚಳಕ್ಕೆ ಎರಡೂ ಅಂಟಿದರೆ ಹನಿಯೂ ಕಳೆದುಹೋಗುತ್ತದೆ, ಬೇರೆ ಮುಚ್ಚಳಕ್ಕೆ ಅಂಟಿದರೆ ಎರಡರ ಬಿಸಿ ಒಂದೇ ಆಗಿರುವುದಿಲ್ಲ. ಒಂದು ರೋಧಕ ಮಾಡುವ ಕೆಲಸಕ್ಕೆ ಅದು ಬೇಡ.

ಪೆಟ್ಟಿಗೆ

ಮುಚ್ಚಳದ ಅಗಲ 60 ಮಿ.ಮೀ. ಇದನ್ನೂ ಲೆಕ್ಕ ಹಾಕಿಯೇ ಆರಿಸಿದೆ. ಗಂಟೆಗೆ 50 ಮಿ.ಮೀ. ಮಳೆ ಎಲ್ಲ 2 ಮಿ.ಮೀ. ಹನಿಗಳಲ್ಲೇ ಬಿದ್ದರೆ 60 ಮಿ.ಮೀ. ಮುಚ್ಚಳದ ಮೇಲೆ ಸೆಕೆಂಡಿಗೆ ಒಂಬತ್ತು ಹನಿ, 100 ಮಿ.ಮೀ. ಮುಚ್ಚಳದ ಮೇಲೆ ಇಪ್ಪತ್ತೈದು ದಾಟುತ್ತದೆ. ಒಂದು ಹನಿಯ ಕಂಪನ ಆರುವ ಮುನ್ನ ಇನ್ನೊಂದು ಬಿದ್ದರೆ ಎರಡೂ ಒಂದಾಗಿ ಕಾಣುತ್ತವೆ. ಚಿಕ್ಕದೇ ಒಳ್ಳೆಯದು.

ಬಿಲ್ಲೆಯ ಹಿತ್ತಾಳೆ ಮುಖವನ್ನು ತೆಳುವಾಗಿ ಅರಾಲ್ಡೈಟ್ ಹಚ್ಚಿ ಮುಚ್ಚಳದ ಒಳಮೈಗೆ ಅಂಟಿಸಿ ರಾತ್ರಿಯಿಡೀ ಭಾರ ಇಟ್ಟೆ. ಮುಚ್ಚಳ ಮತ್ತು ಡಬ್ಬಿಯ ನಡುವೆ ಮೆತ್ತನೆಯ ಇವಿಎ ಫೋಮಿನ ಉಂಗುರ, ಮುಚ್ಚಳದ ಗಂಟೆನಾದ ಬೇಗ ಅಡಗುವುದಕ್ಕೆ. ಅಂಚಿಗೆ ಸಿಲಿಕೋನ್. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ಕೇಳಿ ತನ್ನಿ. ಡಬ್ಬಿಯನ್ನು ತುಸು ಓರೆಯಾಗಿ ಕೂರಿಸಿ. ನೀರು ನಿಂತರೆ ಆ ಪದರವೇ ಮುಂದಿನ ಹನಿಯ ಪೆಟ್ಟನ್ನು ನುಂಗುತ್ತದೆ.

ಅಳತೆಗೆ ಕೂರಿಸುವುದು

ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ ಸೆಟ್ ಇಲ್ಲಿ ಅದ್ಭುತ ಸಾಧನ. ಮಿಲಿಲೀಟರಿಗೆ 20 ಹನಿ ಎಂದು ಅದರ ಮೇಲೆಯೇ ಬರೆದಿರುತ್ತದೆ, ಅಂದರೆ ಒಂದು ಹನಿ 50 ಮಿಲಿಗ್ರಾಂ. ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಮುಚ್ಚಳ ಮುಟ್ಟುವಾಗ ವೇಗ ಸೆಕೆಂಡಿಗೆ 4.4 ಮೀಟರ್. ಹನಿಯ ಅಗಲ 4.6 ಮಿ.ಮೀ. ಇರುವುದರಿಂದ ಪೆಟ್ಟು ಸುಮಾರು ಒಂದು ಮಿಲಿಸೆಕೆಂಡ್, ಬಲ 0.2 ನ್ಯೂಟನ್ ಚಿಲ್ಲರೆ. ಪಿಜಡ್‌ಟಿ ಒಂದು ನ್ಯೂಟನ್ನಿಗೆ 400 ಪಿಕೊಕೂಲಂಬ್ ಕೊಡುತ್ತದೆ ಎಂದು ಹಿಡಿದರೆ 90 ಮಿಲಿವೋಲ್ಟಿನಷ್ಟು ಬರಬೇಕು. ಆಸಿಲೋಸ್ಕೋಪಿನಲ್ಲಿ ಕಂಡದ್ದು ಅದರ ಹತ್ತು ಪಟ್ಟಿಗೆ ಹತ್ತಿರ. ಕಾರಣ ಇಷ್ಟೇ: ಹನಿ ಬಿಲ್ಲೆಯನ್ನು ಬರೀ ಹಿಂಡುವುದಿಲ್ಲ, ಮುಚ್ಚಳದೊಂದಿಗೆ ಬಗ್ಗಿಸುತ್ತದೆ. ಬಾಗಿದಾಗ ತೆಳು ಸೆರಾಮಿಕ್ ಅಡ್ಡಕ್ಕೆ ಎಳೆಯಲ್ಪಟ್ಟು ಇನ್ನೂ ಹೆಚ್ಚು ಚಾರ್ಜ್ ಬಿಡುತ್ತದೆ.

ಎತ್ತರವನ್ನು ಕಾಲು ಮೀಟರಿಗೆ ಇಳಿಸಿದರೆ ವೇಗ ಅರ್ಧವಾಗುತ್ತದೆ. ಸಿಗ್ನಲ್ ಕೂಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಾಗಾದರೆ ಈ ಪೆಟ್ಟಿಗೆ ಅಳೆಯುತ್ತಿರುವುದು ಹನಿಯ ಆವೇಗ, ಅಂದರೆ ತೂಕ ಮತ್ತು ವೇಗದ ಗುಣಲಬ್ಧ. ಆಕಾಶದಿಂದ ಬೀಳುವ ಹನಿಗೆ ಅಗಲಕ್ಕೆ ತಕ್ಕ ಅಂತಿಮ ವೇಗ ಇದೆ: 1 ಮಿ.ಮೀ. ಹನಿಗೆ ಸೆಕೆಂಡಿಗೆ 4 ಮೀಟರ್, 2 ಮಿ.ಮೀ.ಗೆ 6.5, 5 ಮಿ.ಮೀ.ಗೆ 9ರ ಹತ್ತಿರ. ಆದ್ದರಿಂದ ಆವೇಗ ಗೊತ್ತಾದರೆ ಒಂದು ಪಟ್ಟಿ ನೋಡಿ ಅಗಲ ಹೇಳಬಹುದು.

ಇದೇ ಲೆಕ್ಕ ಪೆಟ್ಟಿಗೆಯ ಮಿತಿಯನ್ನೂ ಹೇಳುತ್ತದೆ. 2 ಮಿ.ಮೀ. ಹನಿ ನೂರು ಮಿಲಿವೋಲ್ಟ್ ದಾಟಿಸುತ್ತದೆ. 1 ಮಿ.ಮೀ. ಹನಿ ಹತ್ತನ್ನೂ ಮುಟ್ಟುವುದಿಲ್ಲ, ಆರ್ಡುಯಿನೊದ ಒಂದು ಮೆಟ್ಟಿಲೇ 5 ಮಿಲಿವೋಲ್ಟ್, ಮೇಲೆ ಗಾಳಿಯ ಸದ್ದು. 40 ಮಿಲಿವೋಲ್ಟಿಗಿಂತ ಕೆಳಗಿನದನ್ನು ಬಿಟ್ಟುಬಿಟ್ಟಿದ್ದೇನೆ, ಅಂದರೆ 1.5 ಮಿ.ಮೀ.ಗಿಂತ ಸಣ್ಣ ಹನಿ ಇದಕ್ಕೆ ಕಾಣುವುದಿಲ್ಲ. ಪ್ರೋಗ್ರಾಂ ಗಡಿ ದಾಟಿದ ಕೂಡಲೇ ಮುಂದಿನ ಕೆಲವು ಮಿಲಿಸೆಕೆಂಡಿನ ಶಿಖರ ಹಿಡಿಯುತ್ತದೆ, 20 ಮಿಲಿಸೆಕೆಂಡ್ ಕಣ್ಣು ಮುಚ್ಚುತ್ತದೆ, ಆಮೇಲೆ ಮತ್ತೆ ಕಾಯುತ್ತದೆ.

ಮಳೆಯಲ್ಲಿ

ಪಕ್ಕದಲ್ಲೇ ಸಾಮಾನ್ಯ ಮಳೆಮಾಪಕದ ಡಬ್ಬಿ ಇಟ್ಟು ಹೋಲಿಸಿದೆ. ಜೋರು ಮಳೆಯಲ್ಲಿ ಹನಿಗಳ ಗಾತ್ರ ಕೂಡಿಸಿದ ಮೊತ್ತ ಡಬ್ಬಿಯ ನೀರಿಗೆ ಚೆನ್ನಾಗಿ ಹತ್ತಿರ ಬರುತ್ತದೆ. ಸೋನೆಯಲ್ಲಿ ಬಹಳ ಕಡಿಮೆ ತೋರಿಸುತ್ತದೆ, ಮೇಲಿನ ಮಿತಿಯಿಂದ ಅದು ನಿರೀಕ್ಷಿತವೇ. ನನಗೆ ಬೇಕಿದ್ದದ್ದು ದಪ್ಪ ಹನಿಯ ಲೆಕ್ಕ, ಅದು ಸಿಗುತ್ತಿದೆ. ಮಳೆ ಶುರುವಾಗುವ ಮೊದಲ ನಿಮಿಷದಲ್ಲಿ ಹನಿಗಳು ಕಡಿಮೆ, ಆದರೆ ಗಾತ್ರ ದೊಡ್ಡದು. ಮಾಡಿನ ಹೆಂಚಿನ ಮೇಲೆ ಪಟಪಟ ಎಂದು ಬಿಡಿಬಿಡಿಯಾಗಿ ಕೇಳುವ ಆ ಹನಿಗಳೇ ಗ್ರಾಫಿನಲ್ಲಿ ಒಂಟಿ ಎತ್ತರದ ಗೆರೆಗಳಾಗಿ ನಿಲ್ಲುತ್ತವೆ. ಅಡಿಕೆ ಸೋಗೆಯಿಂದ ಜಾರಿ ಬೀಳುವ ಹನಿಗಳು ಮಳೆ ನಿಂತ ಮೇಲೂ ದಾಖಲಾಗುತ್ತಿದ್ದವು, ಹಾಗಾಗಿ ಪೆಟ್ಟಿಗೆಯನ್ನು ಮರದ ನೆರಳಿನಿಂದ ದೂರ ಸರಿಸಬೇಕಾಯಿತು. ಇದನ್ನೇ ಬೇಕೆಂದು ಮರದಡಿ ಇಟ್ಟು, ಸೋಗೆ ಮಳೆಹನಿಯನ್ನು ಎಷ್ಟು ದಪ್ಪ ಮಾಡಿ ಮಣ್ಣಿಗೆ ಬೀಳಿಸುತ್ತದೆ ಎಂದು ಅಳೆಯುವುದು ಮುಂದಿನ ಕೆಲಸ. ಅದಕ್ಕೆ ಇನ್ನೊಂದು ಪೆಟ್ಟಿಗೆ ಕಟ್ಟುತ್ತಿದ್ದೇನೆ.

ಕಟ್ಟುವವರಿಗೆ ಕೊನೆಯದಾಗಿ ಒಂದು ವಿಷಯ: ಪಿಜಡ್‌ಟಿಯ ಧ್ರುವ ಕಾಲ ಕಳೆದಂತೆ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ, ಹೊಸ ಬಿಲ್ಲೆಯಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ. ಪ್ರತಿ ಮಳೆಗಾಲದ ಮೊದಲು ಡ್ರಿಪ್ ಸೆಟ್ಟನ್ನು ಅದೇ ಒಂದು ಮೀಟರ್ ಎತ್ತರದಲ್ಲಿ ಕಟ್ಟಿ ಇಪ್ಪತ್ತು ಹನಿ ಬೀಳಿಸಿ, ಸರಾಸರಿಯನ್ನು ಮುಚ್ಚಳದ ಒಳಗೆ ಪೆನ್ನಿನಲ್ಲಿ ಬರೆದಿಡಿ. ಅಂಕಿ ಇಳಿದಿದ್ದರೆ ಪ್ರೋಗ್ರಾಂನ ಗುಣಕವನ್ನು ಅಷ್ಟೇ ಏರಿಸಿದರಾಯಿತು. ಅರ್ಧಕ್ಕಿಂತ ಕೆಳಗೆ ಹೋಗಿದ್ದರೆ ಮೊದಲು ಅಂಟು ಬಿಟ್ಟಿದೆಯೇ ನೋಡಿ, ಆಮೇಲೆ ಬಿಲ್ಲೆ ಬದಲಿಸಿ.